ವಿಪಿಎನ್ ಹಾಕಿದರೆ ಆಫೀಸ್ ಸರ್ವರ್ ಹೆಸರು ಸಿಗ್ತಿಲ್ಲ (ಉಬುಂಟು)

ಪ್ರಶ್ನೆ: ಸರ್, ಟರ್ಮಿನಲ್‌ನಿಂದ ಓಪನ್‌ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ದಾರಿ ಮಾಡಿಕೊಡುವ ಪ್ರೋಗ್ರಾಂ) ಓಡಿಸ್ತೀನಿ, ಕನೆಕ್ಟ್ ಆಗುತ್ತೆ. ಆಫೀಸ್ ಸರ್ವರ್‌ನ ಐಪಿಗೆ (ಅಂಕಿಗಳ ವಿಳಾಸಕ್ಕೆ) ಪಿಂಗ್ ಹೋಗುತ್ತೆ, ಹೆಸರು ಕೊಟ್ಟರೆ ಸಿಗಲ್ಲ. ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ಆಫೀಸಿನ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ವಿಳಾಸ ಬರೆದೆ. ವೈಫೈ ಒಮ್ಮೆ ಕಟ್ಟಾಗಿ ಬಂದದ್ದೇ ತಡ, ಬರೆದದ್ದೆಲ್ಲ ಮಾಯ. ಫೈಲನ್ನು ಲಾಕ್ ಮಾಡಿಬಿಡಲಾ?

ಉತ್ತರ: ದಯವಿಟ್ಟು ಲಾಕ್ ಮಾಡಬೇಡಿ. ಮಾಡಿದರೆ ವಿಪಿಎನ್ ತೆಗೆದ ಮೇಲೂ ಸಿಸ್ಟಮ್ಮು ಆಫೀಸಿನ ಡಿಎನ್‌ಎಸ್ಸನ್ನೇ ಕೇಳುತ್ತಾ ಕೂರುತ್ತೆ, ಆಗ ಒಂದು ಸೈಟೂ ತೆರೆಯಲ್ಲ.

ಪಿಂಗ್ ಹೋಗ್ತಿದೆ ಅಂದರೆ ಟನಲ್ (ವಿಪಿಎನ್ ದಾರಿ) ಚೆನ್ನಾಗಿದೆ. ನೀವು ತಿದ್ದಿದ ಫೈಲು ಉಬುಂಟುನಲ್ಲಿ ಬರೀ ಬೇರೆ ಫೈಲಿಗೆ ಕೈ ತೋರಿಸುವ ಒಂದು ಲಿಂಕ್. ಅದರಲ್ಲಿ ನೇಮ್‌ಸರ್ವರ್ 127.0.0.53 ಅಂತ ಇತ್ತಲ್ಲ, ಅದು ನಿಮ್ಮ ಸಿಸ್ಟಮ್‌ನಲ್ಲೇ ಓಡುವ ಸಿಸ್ಟಮ್‌ಡಿ-ರಿಸಾಲ್ವ್ಡ್. ಯಾವ ಹೆಸರನ್ನು ಯಾವ ಇಂಟರ್‌ಫೇಸಿನ (ವೈಫೈ, ವಿಪಿಎನ್ ಹೀಗೆ ಒಂದೊಂದು ನೆಟ್‌ವರ್ಕ್ ದಾರಿಯ) ಡಿಎನ್‌ಎಸ್‌ಗೆ ಕಳಿಸಬೇಕು ಅಂತ ತೀರ್ಮಾನಿಸೋದು ಅದೇ. ಹಾಗಾಗಿ ಹೇಳಬೇಕಾದ್ದನ್ನು ಅದಕ್ಕೇ ಹೇಳಬೇಕು.

‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ಟನ್0 ಅನ್ನೋದರ (ವಿಪಿಎನ್ನಿನ ಇಂಟರ್‌ಫೇಸ್) ಕೆಳಗೆ ಏನಿದೆ ನೋಡಿ.

ಪ್ರಶ್ನೆ: ನೋಡಿದೆ ಸರ್. ವೈಫೈ ಕೆಳಗೆ ಡಿಎನ್‌ಎಸ್ ಸರ್ವರ್ ಇದೆ, ಟನ್0 ಕೆಳಗೆ ಆ ಸಾಲೇ ಇಲ್ಲ.

ಉತ್ತರ: ಹಾಗಾದರೆ ಸಿಕ್ಕಿತು. ಆಫೀಸಿನ ವಿಪಿಎನ್ ಸರ್ವರ್ ಡಿಎನ್‌ಎಸ್ ವಿಳಾಸ ಕಳಿಸಿದರೂ, ಲಿನಕ್ಸ್‌ನಲ್ಲಿ ಓಪನ್‌ವಿಪಿಎನ್ 2.6ರವರೆಗಿನ ಆವೃತ್ತಿಗಳು ಅದನ್ನು ತಾವಾಗಿ ರಿಸಾಲ್ವ್ಡ್‌ಗೆ ಮುಟ್ಟಿಸಲ್ಲ. ಸದ್ಯಕ್ಕೆ ಸುಡೋ ಹಾಕಿ ‘ರಿಸಾಲ್ವ್‌ಸಿಟಿಎಲ್ ಡಿಎನ್‌ಎಸ್ ಟನ್0’ ಮುಂದೆ ಆಫೀಸಿನ ಡಿಎನ್‌ಎಸ್ ವಿಳಾಸ ಕೊಡಿ. ಆಮೇಲೆ ‘ರಿಸಾಲ್ವ್‌ಸಿಟಿಎಲ್ ಡೊಮೈನ್ ಟನ್0’ ಮುಂದೆ ಆಫೀಸಿನ ಡೊಮೈನ್ ಕೊಡಿ, ಡೊಮೈನಿನ ಆರಂಭದಲ್ಲೇ ಟಿಲ್ಡೆ (~) ಹಾಕೋದು ಮರೀಬೇಡಿ. ಆ ಡೊಮೈನಿನ ಹೆಸರುಗಳು ಟನಲ್‌ಗೆ ಹೋಗಲಿ ಅನ್ನೋದು ಆ ಗುರುತಿನ ಅರ್ಥ. ಬರೀ ‘~.’ ಕೊಟ್ಟರೆ ಎಲ್ಲಾ ಹೆಸರುಗಳೂ ಆ ದಾರಿ ಹಿಡಿಯುತ್ತವೆ. ವಿಪಿಎನ್ ನಿಲ್ಲಿಸಿದರೆ ಟನ್0 ಜೊತೆ ಇದೂ ಹೋಗುತ್ತೆ, ಏನೂ ಉಳಿಯಲ್ಲ.

ಇದು ಕೆಲಸ ಮಾಡಿದರೆ, ಓವಿಪಿಎನ್ ಫೈಲನ್ನು (ವಿಪಿಎನ್ ಸೆಟ್ಟಿಂಗ್ಸ್ ಇರುವ ಫೈಲು) ಉಬುಂಟುವಿನ ನೆಟ್‌ವರ್ಕ್ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ಗೆ ಇಂಪೋರ್ಟ್ ಮಾಡಿ ಅಲ್ಲಿಂದಲೇ ಕನೆಕ್ಟ್ ಆಗಿ. ಡಿಎನ್‌ಎಸ್ಸನ್ನು ರಿಸಾಲ್ವ್ಡ್‌ಗೆ ಒಪ್ಪಿಸುವ ಕೆಲಸ ಅದೇ ನೋಡಿಕೊಳ್ಳುತ್ತೆ.

ಪ್ರಶ್ನೆ: ಕೆಲಸ ಮಾಡ್ತು ಸರ್! ಒಂದು ಅನುಮಾನ: ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ಮನೆಯ ಡಿಎನ್‌ಎಸ್ ಮೊದಲು, ಆಫೀಸಿನದ್ದು ಎರಡನೇದು ಅಂತ ಬರೆದಿದ್ದರೆ ಆಗ್ತಿರಲಿಲ್ವಾ?

ಉತ್ತರ: ಆಗ್ತಿರಲಿಲ್ಲ. ತುಂಬಾ ಜನ ಎಡವೋದು ಇಲ್ಲೇ. ‘ಆ ಹೆಸರಿಲ್ಲ’ ಅನ್ನೋದೂ ಒಂದು ಉತ್ತರವೇ. ಮೊದಲನೇ ಸರ್ವರ್ ಹಾಗೆ ಹೇಳಿದರೆ ಹುಡುಕಾಟ ಅಲ್ಲಿಗೇ ಮುಗೀತು, ಎರಡನೇದನ್ನು ಕೇಳೋದೇ ಇಲ್ಲ. ಮೊದಲನೇದು ಏನೂ ಹೇಳದೆ ಸುಮ್ಮನಿದ್ದರೆ, ಸಾಮಾನ್ಯವಾಗಿ 5 ಸೆಕೆಂಡ್ ಕಾದು ಮುಂದಿನದಕ್ಕೆ ಹೋಗುತ್ತೆ.

ಬ್ರೌಸರಿನಲ್ಲಿ ಮಾತ್ರ ಹೆಸರು ಸಿಗದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ (ಬ್ರೌಸರ್ ತಾನೇ ಹೆಸರು ಹುಡುಕುವ ಸೌಲಭ್ಯ) ಆಫ್ ಮಾಡಿ ನೋಡಿ. ಅದು ಆನ್ ಇದ್ದರೆ ಬ್ರೌಸರ್ ರಿಸಾಲ್ವ್ಡ್‌ನ ತಂಟೆಗೇ ಹೋಗಲ್ಲ.