‘ಪರಮಾಪ್ತ ರಾಷ್ಟ್ರ’ದಲ್ಲಿ ಆಪ್ತತೆ ಎಲ್ಲಿದೆ?

ಬಾಣಂತಿ ಸೊಸೆಗೆಂದು ಕಳೆದ ವಾರ ಚಿಕ್ಕಮಗಳೂರಿನ ದಿನಸಿ ಅಂಗಡಿಯೊಂದರಲ್ಲಿ ಉತ್ತುತ್ತೆ ಕೇಳಿದೆ. ಬೆಲೆಗೆ ಹುಬ್ಬೇರಿಸಿದಾಗ ಅಂಗಡಿಯವರು, ‘ಇದು ಪಾಕಿಸ್ತಾನದಿಂದ ಬರುತ್ತಿದ್ದ ಮಾಲು ಸಾರ್. ಅವರು ನಮಗೆ ಪರಮಾಪ್ತರಾಗಿದ್ದಾಗ ಅಗ್ಗವಿತ್ತು’ ಎಂದು ನಕ್ಕರು. ಆ ನಗುವಿಗೆ ಎಡೆಮಾಡಿಕೊಟ್ಟ ಪದದ ಮೇಲೆಯೇ ನನ್ನ ತಕರಾರು.

1996ರಲ್ಲಿ ಭಾರತ ಪಾಕಿಸ್ತಾನಕ್ಕೆ ಕೊಟ್ಟು, ಪುಲ್ವಾಮಾ ದಾಳಿಯ ಬಳಿಕ 2019ರ ಫೆಬ್ರುವರಿಯಲ್ಲಿ ಹಿಂದಕ್ಕೆ ಪಡೆದ ವ್ಯಾಪಾರದ ಸ್ಥಾನವನ್ನು (ಇಂಗ್ಲಿಷಿನಲ್ಲಿ ‘ಮೋಸ್ಟ್ ಫೇವರ್ಡ್ ನೇಷನ್’) ನಮ್ಮ ಪತ್ರಿಕೆಗಳು ‘ಪರಮಾಪ್ತ ರಾಷ್ಟ್ರ’, ‘ಅತ್ಯಾಪ್ತ ರಾಷ್ಟ್ರ’ ಎಂದೆಲ್ಲ ಬರೆದವು. ಕೂಡಲೇ ಅಲ್ಲಿನ ಸರಕಿಗೆಲ್ಲ ಶೇ 200ರಷ್ಟು ಸುಂಕ ಬಿತ್ತು, ಉತ್ತುತ್ತೆಗೂ ಸಿಮೆಂಟಿಗೂ. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಭಾರತ ಅಲ್ಲಿಂದ ಆಮದನ್ನು ಪೂರ್ತಿ ನಿಷೇಧಿಸಿತು.

ಆದರೆ ಸುಂಕ, ವ್ಯಾಪಾರಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಗ್ಯಾಟ್‌ನ ಮೊದಲ ವಿಧಿಯಲ್ಲಿರುವ ಈ ಸ್ಥಾನಕ್ಕೂ ಗೆಳೆತನಕ್ಕೂ ಸಂಬಂಧವಿಲ್ಲ. ಒಬ್ಬರಿಗೆ ಕೊಟ್ಟ ಸವಲತ್ತನ್ನು ಉಳಿದ ಸದಸ್ಯರಿಗೂ ಕೊಡಬೇಕು, ಅಷ್ಟೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಂಕ್ತಿಭೇದ ಮಾಡಬಾರದು. ಎಲೆ ಹಾಕಿದ ಮೇಲೆ ಬೀಗರಿಗೂ ಜಗಳಗಂಟ ನೆರೆಯವನಿಗೂ ಒಂದೇ ಮಿಳ್ಳೆಯ ತುಪ್ಪ. (ಪಾಕಿಸ್ತಾನ ನಮಗೆ ಆ ತುಪ್ಪವನ್ನು ಬಡಿಸಲಿಲ್ಲ ಎಂಬುದು ಬೇರೆ ಮಾತು.)

ನಿಜವಾದ ಆಪ್ತರಿಗೆ ಹಿತ್ತಲ ಬಾಗಿಲಿದೆ, ಅದು ತಮ್ಮತಮ್ಮೊಳಗೆ ಸುಂಕ ಇಳಿಸಿಕೊಳ್ಳುವ ಮುಕ್ತ ವ್ಯಾಪಾರ ಒಪ್ಪಂದ. ಶ್ರೀಲಂಕಾ ಜೊತೆಗಿನ ಅಂಥ ಒಪ್ಪಂದ 2000ದಿಂದ ಜಾರಿಯಲ್ಲಿದೆ. ವಿಯೆಟ್ನಾಂ ಕಾಳುಮೆಣಸು ಲಂಕೆಯ ಹೆಸರು ಹೊತ್ತು ಆ ಬಾಗಿಲಿನಿಂದಲೇ ನುಗ್ಗುತ್ತಿದೆ ಎಂದು ಮಲೆನಾಡಿನ ಬೆಳೆಗಾರರು ಕೂಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2017ರ ಡಿಸೆಂಬರ್‌ನಲ್ಲಿ ಸರ್ಕಾರ ಕಾಳುಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು. ಹೀಗೆ ‘ಪರಮಾಪ್ತ’ರು ಜಗಲಿಯಲ್ಲಿದ್ದರೆ, ಆ ಬಿರುದು ಬೇಡದವರು ಅಡುಗೆಮನೆಯವರೆಗೂ ಬರುತ್ತಾರೆ!

ಹಾಗಾದರೆ ‘ಪರಮಾಪ್ತ’ಕ್ಕೆ ಬದಲಿ ಪದ ಯಾವುದು? ‘ಸಮಸುಂಕ ರಾಷ್ಟ್ರ’ ಎಂದರೆ ಸುಲಭ. ಆದರೆ ನಿಯಮ ಸುಂಕಕ್ಕಷ್ಟೇ ಅಲ್ಲ, ಗಡಿಯ ಕಾಗದಪತ್ರಗಳಿಗೂ ಅನ್ವಯಿಸುತ್ತದೆ. ‘ಸಹಪಂಕ್ತಿ ರಾಷ್ಟ್ರ’ ನನಗೆ ಹಿಡಿಸಿದೆ. ಊಟದ ವಾಸನೆ ಹೆಚ್ಚಾಯಿತೇ? 1996ಕ್ಕೂ ಹಿಂದೆ ಕನ್ನಡದಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿತ್ತೇ? ಹಳೆಯ ಪತ್ರಿಕೆಗಳನ್ನು ಬಲ್ಲವರು ತಿಳಿಸಬೇಕು.

ಜೊತೆಗೊಂದು ಚಿಕ್ಕ ಸಂದೇಹ. ನಾವು ಉತ್ತುತ್ತೆ ಎನ್ನುವುದನ್ನು ಧಾರವಾಡದ ಸೊಸೆ ಉತ್ತತ್ತಿ ಎನ್ನುತ್ತಾಳೆ. ಇವೆರಡರಲ್ಲಿ ಮೂಲಕ್ಕೆ ಹತ್ತಿರವಾದದ್ದು ಯಾವುದು?