22 ಸಾವಿರ ಪದದ ಕತೆ, ಬೆಳೆಸ್ಲಾ ಕತ್ತರಿಸ್ಲಾ?

ಹಸಿರುಶಾಯಿ:
ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕತೆ ಬರೀತಿದೀನಿ, ಈಗ 22 ಸಾವಿರ ಪದಕ್ಕೆ ಬಂದು ನಿಂತಿದೆ. ಗಡಿಯಾರ ರಿಪೇರಿ ಮಾಡೋ ಒಬ್ಬ ತನ್ನ ಕಣ್ಣು ಮಂಜಾಗ್ತಿರೋದನ್ನ ಎಲ್ಲರಿಂದ ಮುಚ್ಚಿಡೋ ಕತೆ. ಓದಿದ ಸ್ನೇಹಿತರೊಬ್ರು ಹೆಂಡತಿ ಮಗನ ಕತೆನೂ ಸೇರಿಸಿ ಕಾದಂಬರಿ ಮಾಡು ಅಂದ್ರು, ಇನ್ನೊಬ್ರು ಅರ್ಧಕ್ಕರ್ಧ ಕತ್ತರಿಸಿ ಸಣ್ಣಕತೆ ಮಾಡು ಅಂತಾರೆ. ಎರಡೂ ಟ್ರೈ ಮಾಡ್ದೆ. ಸೇರಿಸಿದ್ರೆ ಹಾಲಿಗೆ ನೀರು ಬೆರೆಸಿದ ಹಾಗಾಗುತ್ತೆ, ಕತ್ತರಿಸಿದ್ರೆ ಅವನ ಸುಳ್ಳುಗಳು ಒಂದರ ಮೇಲೊಂದು ಪೇರಿಸ್ಕೊಳ್ಳೋಕೆ ಟೈಮೇ ಸಿಗಲ್ಲ. ನೀಳ್ಗತೆ ಅನ್ನೋದು ನಿಜವಾಗ್ಲೂ ಬೇರೆ ಪ್ರಕಾರನಾ, ಇಲ್ಲ ಅತ್ತ ಕಾದಂಬರಿನೂ ಆಗದ ಇತ್ತ ಕತೆನೂ ಆಗದ ಬರಹಕ್ಕೆ ಇಟ್ಟಿರೋ ಹೆಸರಾ?

ಪುಟದಂಚು:
ಲೆಕ್ಕ ಬೇಕಂದ್ರೆ, ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರಹಕ್ಕೆ ಕೊಡೋ ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಯವರು 17,500ರಿಂದ 40,000 ಪದದ ಒಳಗಿನದನ್ನ 'ನಾವೆಲಾ' (novella, ನಮ್ಮ ನೀಳ್ಗತೆ) ಅಂತ ಬೇರೆ ವಿಭಾಗದಲ್ಲೇ ಇಡ್ತಾರೆ. ನಿಮ್ಮದು ಅದರೊಳಗೇ ಬರುತ್ತೆ. ಆದ್ರೂ ನನಗೆ ಮಗನ ಬಗ್ಗೆ ಓದ್ಬೇಕು ಅನ್ಸುತ್ತೆ, ಅವನನ್ನ ಬಿಡ್ಬೇಡಿ.

ರಾತ್ರಿಓದು:
ಪದ ಎಣಿಸಿ ಇದನ್ನ ತೀರ್ಮಾನ ಮಾಡೋಕಾಗಲ್ಲ ಅನ್ನೋದು ನನ್ನ ನಂಬಿಕೆ. 1886ರಲ್ಲಿ ಬಂದ ಟಾಲ್‌ಸ್ಟಾಯ್ ಅವರ 'ಇವಾನ್ ಇಲಿಚ್‌ನ ಸಾವು' ಒಮ್ಮೆ ಬಿಚ್ಚಿ ನೋಡಿ. ಸತ್ತ ಅನ್ನೋದು ಮೊದಲನೇ ಅಧ್ಯಾಯದಲ್ಲೇ ಗೊತ್ತಾಗಿಬಿಡುತ್ತೆ, ಆಮೇಲೆ ಹಿಂದಕ್ಕೆ ಹೋಗಿ ಅವನ ಬದುಕನ್ನ ಹೇಳ್ತಾ ಬರ್ತಾರೆ. ಹೊಸ ಮನೆಗೆ ಪರದೆ ಹೇಗೆ ಕಟ್ಬೇಕು ಅಂತ ತೋರಿಸೋಕೆ ಏಣಿ ಹತ್ತಿದವನು ಕಾಲು ಜಾರಿ ಕಿಟಕಿ ಚೌಕಟ್ಟಿನ ಹಿಡಿಗೆ ಪಕ್ಕೆ ತಗಲಿಸ್ಕೋತಾನೆ, ಅಷ್ಟೇ, ನೋವೂ ಬೇಗ ಹೋಗುತ್ತೆ. ಆ ಒಂದು ಪೆಟ್ಟಿನ ಹಿಂದೆನೇ ಇಡೀ ಕತೆ ಹೋಗುತ್ತೆ ಬೇರೆ ಎಲ್ಲೂ ತಿರುಗಲ್ಲ, ಮೊದಮೊದಲು ಒಂದೊಂದು ಅಧ್ಯಾಯಕ್ಕೆ ವರ್ಷಗಳು ಕಳೀತವೆ, ಬರ್ತಾ ಬರ್ತಾ ವಾರ, ದಿನ, ಕೊನೆಗೆ ಗಂಟೆಗಳು, ಅಧ್ಯಾಯಗಳೂ ಚಿಕ್ಕದಾಗ್ತಾ ಹೋಗ್ತವೆ, ಓದೋವಾಗ ಗೋಡೆ ಹತ್ತಿರ ಬರ್ತಿದೆ ಅನ್ಸುತ್ತೆ. ಸಣ್ಣಕತೇಲಿ ಈ ಉಸಿರುಕಟ್ಟೋದು ಬರೋಷ್ಟು ಜಾಗ ಇಲ್ಲ. ಕಾದಂಬರಿ ಆಗಿದ್ರೆ ನಡುವೆ ಎಲ್ಲೋ ಒಂದು ಕಿಟಕಿ ತೆಗೆದುಬಿಡ್ತಿದ್ರು. ನಿಮ್ಮ ಗಡಿಯಾರದವನಿಗೂ ಕಿಟಕಿ ತೆಗೀಬೇಡಿ ದಯವಿಟ್ಟು.

ಮಡಿಸಿದಪುಟ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದೇ ಎಳೆ ಅಂದ್ರೆ ಒಬ್ಬನೇ ಮನುಷ್ಯ ಅಂತ ತಿಳ್ಕೋಬಾರ್ದು. ಕಾಫ್ಕಾ 1915ರಲ್ಲಿ ಪ್ರಕಟಿಸಿದ 'ಮೆಟಮಾರ್ಫಸಿಸ್'ನಲ್ಲಿ ಕಥಾನಾಯಕ ಗ್ರೆಗರ್ ಹುಳ ಆಗಿ ತನ್ನ ರೂಮಲ್ಲೇ ಉಳಿದ್ಮೇಲೆ ಅಪ್ಪ ಯೂನಿಫಾರ್ಮ್ ಹಾಕ್ಕೊಂಡು ಬ್ಯಾಂಕಿನ ಕೆಲಸಕ್ಕೆ ಹೋಗ್ತಾನೆ, ಅಮ್ಮ ಹೊಲಿಗೆ ಹಿಡೀತಾಳೆ, ತಂಗಿ ಅಂಗಡೀಲಿ ಕೆಲಸಕ್ಕೆ ಸೇರ್ತಾಳೆ. ಎಲ್ಲರೂ ಬದಲಾಗ್ತಾರೆ, ಆದ್ರೆ ಎಲ್ಲಾ ಬದಲಾವಣೆಗೂ ಕಾರಣ ಆ ಒಂದು ರೂಮು. ಹಾಗಾಗಿ ಹೆಂಡತಿ ಮಗ ಇರ್ಲಿ, ಅವನ ಕಣ್ಣು ಅವರನ್ನ ಎಲ್ಲಿ ಮುಟ್ಟುತ್ತೋ ಅಲ್ಲಿವರೆಗೆ ಮಾತ್ರ. ಮಗನ ಕಾಲೇಜು, ಪ್ರೇಮ ಅಂತ ಹೊರಟ್ರೆ ಅದು ಬೇರೆ ಪುಸ್ತಕ. ಪ್ರಕಟಣೆ ಮಾತ್ರ ಸ್ವಲ್ಪ ಕಷ್ಟ ನಿಜ, ಪತ್ರಿಕೆಗೆ ಉದ್ದ ಆಯ್ತು ಪುಸ್ತಕಕ್ಕೆ ತೆಳು ಆಯ್ತು ಅಂತಾರೆ, ಜೊತೆಗೆ ಮೂರು ನಾಲ್ಕು ಸಣ್ಣಕತೆ ಸೇರಿಸಿ ಸಂಕಲನ ಮಾಡೋರು ಬೇಕಾದಷ್ಟು ಜನ ಇದಾರೆ.

ಹಸಿರುಶಾಯಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಕೂತು ಮತ್ತೆ ಓದ್ದೆ. ಒಂದು ಕಡೆ ಅವನ ಕೈಯಿಂದ ಸ್ಕ್ರೂ ಬೀಳುತ್ತೆ, ಕಾಣಲ್ಲ, ಗಿರಾಕಿ ಮುಂದೆನೇ ನಿಂತಿದಾನೆ, ಬೆರಳ ತುದಿ ನಾಲಿಗೆಗೆ ತಾಗಿಸಿ ಒದ್ದೆ ಮಾಡ್ಕೊಂಡು ಟೇಬಲ್ ಮೇಲೆ ಸವರ್ತಾ ಸವರ್ತಾ ಹವಾಮಾನದ ಬಗ್ಗೆ ಮಾತಾಡ್ತಾನೆ. ಅಲ್ಲಿ ಮಗನನ್ನ ತಂದು ಬಾಗಿಲಲ್ಲಿ ನಿಲ್ಲಿಸಿದೀನಿ. ಅವನು ಏನೂ ಮಾತಾಡಲ್ಲ, ಸ್ಕ್ರೂ ಎಲ್ಲಿದೆ ಅಂತ ಅವನಿಗೆ ಕಾಣ್ತಿದೆ ಅಷ್ಟೇ. ಮಗನಿಗೆ ಅಂತ ಬರೆದಿದ್ದ ಬೇರೆ ಎರಡು ಅಧ್ಯಾಯ ತೆಗೆದುಹಾಕ್ದೆ.