ಟೈಪ್ 1 ಮಧುಮೇಹವಿರುವ ಮಗುವಿಗೆ ಸೀಲಿಯಾಕ್ ಪರೀಕ್ಷೆ ಅಗತ್ಯವೇ?

ಪ್ರಶ್ನೆ – ದಾವಣಗೆರೆಯ ತಾಯಿ

ಒಂಬತ್ತು ವರ್ಷದ ನನ್ನ ಮಗಳು ಟೈಪ್ 1 ಮಧುಮೇಹಕ್ಕಾಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ. ಈಗ ವೈದ್ಯರು ಸೀಲಿಯಾಕ್ (ಗೋಧಿ ಒಗ್ಗದೆ ಕರುಳು ಕೆಡುವ ಕಾಯಿಲೆ) ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಬರೆದುಕೊಟ್ಟಿದ್ದಾರೆ. ಅವಳಿಗೆ ಹೊಟ್ಟೆನೋವಾಗಲಿ ಭೇದಿಯಾಗಲಿ ಇಲ್ಲ. ಆದರೆ ಎತ್ತರ ಅಷ್ಟಾಗಿ ಹೆಚ್ಚಿಲ್ಲ, ಇತ್ತೀಚೆಗೆ ಸಕ್ಕರೆ ಕಾರಣವಿಲ್ಲದೆ ಇಳಿದುಬಿಡುತ್ತದೆ. ಪರೀಕ್ಷೆ ನಿಜವಾಗಿ ಬೇಕೇ? ಅದಕ್ಕೆ ಮೊದಲೇ ಚಪಾತಿ ನಿಲ್ಲಿಸಿಬಿಡಿ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ.

ಉತ್ತರ – ಮಕ್ಕಳ ವೈದ್ಯ, ಮೈಸೂರು

ದಯವಿಟ್ಟು ಚಪಾತಿಯನ್ನು ಈಗ ನಿಲ್ಲಿಸಬೇಡಿ. ಗೋಧಿ ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಕ್ರಮೇಣ ಇಳಿದು, ಕರುಳೂ ಚೇತರಿಸಿಕೊಳ್ಳತೊಡಗುವುದರಿಂದ, ಕಾಯಿಲೆಯಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು.

ಪರೀಕ್ಷೆ ಖಂಡಿತ ಬೇಕು. ದೇಹದ ರಕ್ಷಣಾ ವ್ಯವಸ್ಥೆ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೂ, ಸೀಲಿಯಾಕ್‌ನಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ನೆಪದಿಂದ ಸಣ್ಣ ಕರುಳಿನ ಒಳಪದರವನ್ನೂ ಘಾಸಿಗೊಳಿಸುತ್ತದೆ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಆನುವಂಶಿಕ ಗುಣಗಳು ಎರಡಕ್ಕೂ ದಾರಿ ಮಾಡಿಕೊಡುತ್ತವೆ. ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದರೂ, ಟೈಪ್ 1 ಮಧುಮೇಹವಿರುವ 100 ಮಕ್ಕಳಲ್ಲಿ ಸುಮಾರು 5 ಮಂದಿಗೆ ಸೀಲಿಯಾಕ್ ಕಾಣುತ್ತದೆ, ಅವರಲ್ಲಿ ಅನೇಕರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರಕ್ಕಿಂತ ವಿರಳವಾದ್ದರಿಂದ ನಮ್ಮಲ್ಲಿ ಇದರ ಗುಮಾನಿಯೇ ಬರುವುದಿಲ್ಲ ಎಂಬುದು ನನ್ನ ಆತಂಕ. ನೀವು ಹೇಳಿದ ಎರಡೂ ಲಕ್ಷಣಗಳು, ಆಹಾರ ಸರಿಯಾಗಿ ಹೀರಲ್ಪಡದಿದ್ದಾಗ ಆಗುವಂಥವು.

ಸೀಲಿಯಾಕ್‌ನ ಪ್ರತಿಕಾಯಗಳನ್ನು ಹುಡುಕುವ ಟಿಟಿಜಿ-ಐಜಿಎ ರಕ್ತಪರೀಕ್ಷೆಯ ಜೊತೆಗೆ ಒಟ್ಟು ಐಜಿಎ (ಪ್ರತಿಕಾಯಗಳ ಒಂದು ಬಗೆ) ಪ್ರಮಾಣವನ್ನೂ ನೋಡಿಸಿ, ಏಕೆಂದರೆ ಐಜಿಎ ಕೊರತೆಯಿರುವ ಮಕ್ಕಳಲ್ಲಿ ಮೊದಲನೆಯ ಪರೀಕ್ಷೆಯನ್ನು ನಂಬುವಂತಿಲ್ಲ.

ಉತ್ತರ – ಹುಬ್ಬಳ್ಳಿಯ ಪೋಷಕರು

ನಮ್ಮ ಮಗನಿಗೆ ಮೊದಲು ಥೈರಾಯ್ಡ್ ಕೊರತೆ, ಆಮೇಲೆ ಸೀಲಿಯಾಕ್ ಪತ್ತೆಯಾಯಿತು. ಕರುಳು ಥೈರಾಕ್ಸಿನ್ ಮಾತ್ರೆಯನ್ನು ಸರಿಯಾಗಿ ಹೀರದೆ ಅದರ ಡೋಸ್ ಏರುತ್ತಲೇ ಇದ್ದದ್ದು, ಗೋಧಿ ಬಿಟ್ಟ ಮೇಲೆ ಕಡಿಮೆಯಾಯಿತು. ನಿಮ್ಮ ಮಗಳಿಗೂ ಸೀಲಿಯಾಕ್ ಖಚಿತವಾದರೆ ಜೋಳದ ರೊಟ್ಟಿ, ಅನ್ನ, ರಾಗಿ ಮುದ್ದೆ ಯಾವುದಕ್ಕೂ ತಡೆಯಿಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ಜೋಳ ಬೀಸಿಸಬೇಡಿ. ರವೆ, ಮೈದಾ, ಗೋಧಿ ಶಾವಿಗೆ ಸೇರದು. ಡಬ್ಬಿಯ ಇಂಗಿನಲ್ಲಿಯೂ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಚೀಟಿ ಓದಿಯೇ ಕೊಳ್ಳಿ.

ಪ್ರಶ್ನೆ ಕೇಳಿದವರು

ಚಪಾತಿ ನಿಲ್ಲಿಸುವುದಿಲ್ಲ, ಈ ವಾರವೇ ಪರೀಕ್ಷೆ ಮಾಡಿಸುತ್ತೇವೆ. ಸೀಲಿಯಾಕ್ ಇಲ್ಲವೆಂದು ಬಂದರೆ ಮತ್ತೆ ಚಿಂತಿಸಬೇಕಿಲ್ಲವೇ?

ಉತ್ತರ – ಮಕ್ಕಳ ವೈದ್ಯ, ಮೈಸೂರು

ಒಮ್ಮೆ ಇಲ್ಲವೆಂದು ಬಂದರೂ, ಮಧುಮೇಹ ಪತ್ತೆಯಾಗಿ 2 ವರ್ಷವಾದಾಗ ಹಾಗೂ 5 ವರ್ಷವಾದಾಗ ಮತ್ತೆ ಮಾಡಿಸಬೇಕು, ನಡುವೆ ಲಕ್ಷಣಗಳು ಕಂಡರೆ ಇನ್ನೂ ಮೊದಲೇ. ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರು ಹೇಳಿದಂತೆ ಆಗಾಗ ಮಾಡಿಸುತ್ತಿರಿ.